ಕೂಡಿ ದುಡಿಯುವ ಜಾಣತನವನ್ನು ಅಳೆಯುವದು ಹೇಗೆ?



ಈ ಪುಟದಲ್ಲಿ ಬೀಜದ ಕಬ್ಬು, ಸಾಲಿನ ಅಂತರ, ರವದಿಯ ಹೊದಿಕೆ, ಬಿಳಿ ಉಣ್ಣೆ ಹೇನು ಮೊದಲಾದವುಗಳ ಬಗ್ಗೆ ನಾನು ಬರೆಯುತ್ತ ಬಂದಿದ್ದೇನೆ. ಈ ಸಲ ಬೆಳೆಯನ್ನು ಬದಿಗಿಟ್ಟು ಮನುಷ್ಯರ ಬಗ್ಗೆ ಬರೆಯಬೇಕಾಗಿದೆ. ಹಂಗಾಮಿಗೆ ಮೊದಲು ನಡೆದ ಗಟ್ ಸಭೆಯಲ್ಲಿ ನಿಲಂಗಾ ಕಡೆಯ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಕೇಳಿದರು: "ಸಾಹೇಬ್ರ, ಡ್ರೈವರಗ ಲೈಸನ್ಸ್ ಅದ, ಟ್ರ್ಯಾಕ್ಟರ್ ಹೊಸಾದ ಅದ, ಟೋಳಿ ಹತ್ತ ವರ್ಷದ ಅನುಭವದ್ದದ. ಆದ್ರೂ ಪ್ರತಿ ಹಂಗಾಮಿನ್ಯಾಗ ಒಂದಿಲ್ಲೊಂದ ಅಪಘಾತ ಆಗೇ ಆಗ್ತದ. ಇದ್ಯಾಕ?"

ಅವರಿಗೆ ನಾನು ಕಚೇರಿಯ ಉತ್ತರವನ್ನೇ ಕೊಟ್ಟೆ. ಬ್ರೇಕು ನೋಡಿರಿ, ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಹಚ್ಚಿರಿ, ಮಿತಿಮೀರಿ ತುಂಬಬೇಡಿರಿ ಎಂದೆ. ಇವೆಲ್ಲ ಸರಿಯಾದ ಮಾತುಗಳೇ. ಆದರೆ ಅವರು ಕೇಳಿದ್ದು ಅದನ್ನಲ್ಲ. ವಾಹನವೂ ಸರಿ ಇದ್ದು, ಮನುಷ್ಯನ ಕೈಯ ಕಸಬೂ ಸರಿ ಇದ್ದಾಗ ತಪ್ಪುವದು ಏನು ಎಂಬುದು ಅವರ ಪ್ರಶ್ನೆಯಾಗಿತ್ತು. ಆ ದಿನ ಬಾಕಿ ಉಳಿದ ಉತ್ತರವೇ ಈ ಲೇಖನ.

ಇದೇ ಪ್ರಶ್ನೆಯನ್ನು ನಮಗಿಂತ ಮೊದಲು ಕೇಳಿಕೊಂಡವರು ವಿಮಾನ ನಡೆಸುವವರು. ಅದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ, ಕನ್ನಡ ನಾಡಿನಲ್ಲಿಯೇ ನಡೆದ ಒಂದು ಸಂಗತಿಯನ್ನು ತೆಗೆದುಕೊಳ್ಳೋಣ.

2010ನೆಯ ಇಸ್ವಿ ಮೇ 22ರ ಬೆಳಗಿನ ಜಾವ. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜಪೆಯಲ್ಲಿ ಇಳಿಯಬೇಕಾಗಿತ್ತು. ಬಜಪೆಯ ನಿಲ್ದಾಣವು ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ್ದು. ಓಡುದಾರಿ ಮುಗಿದಲ್ಲಿಗೆ ಕಣಿವೆ. ವಿಮಾನವು ಓಡುದಾರಿಯನ್ನು ದಾಟಿ ಆ ಕಣಿವೆಗೆ ಬಿದ್ದು ಹೊತ್ತಿಕೊಂಡಿತು. ಅದರಲ್ಲಿದ್ದ 166 ಜನರಲ್ಲಿ 158 ಜನ ಸತ್ತರು, ಎಂಟು ಜನ ಬದುಕಿದರು. ಗಲ್ಫ್ ದೇಶದಲ್ಲಿ ದುಡಿದು ಊರಿಗೆ ಮರಳುತ್ತಿದ್ದವರು ಅದರಲ್ಲಿ ಅನೇಕರು.

ಸರಕಾರವು ವಿಚಾರಣಾ ನ್ಯಾಯಾಲಯವನ್ನು ನೇಮಿಸಿತು. ವಿಮಾನವು ಬಂದದ್ದೇ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ. 8,033 ಅಡಿ ಉದ್ದದ ಓಡುದಾರಿಯಲ್ಲಿ ಸುಮಾರು 5,200 ಅಡಿ ಸರಿದು ಹೋದ ಮೇಲೆ ಅದರ ಗಾಲಿಗಳು ನೆಲಕ್ಕೆ ತಾಗಿದವು. ಮುಖ್ಯ ಪೈಲಟ್ ಹತ್ತು ಸಾವಿರ ತಾಸಿಗೂ ಮೀರಿ ವಿಮಾನ ನಡೆಸಿದ ಅನುಭವಿ. ಪ್ರಯಾಣದ ಬಹುಕಾಲ ಅವರು ಕುರ್ಚಿಯಲ್ಲಿಯೇ ನಿದ್ರಿಸಿದ್ದರು. ಧ್ವನಿಮುದ್ರಣ ಯಂತ್ರದಲ್ಲಿ ಗೊರಕೆಯ ಸದ್ದು ಸಹ ದಾಖಲಾಗಿದೆ. ಎಚ್ಚರಾದ ಮೇಲೂ ನಿದ್ರೆಯ ಮಂಪರು ಹರಿದಿರಲಿಕ್ಕಿಲ್ಲವೆಂದು ವರದಿ ಹೇಳುತ್ತದೆ.

ಇನ್ನು ಮುಂದಿನದನ್ನು ಗಮನವಿಟ್ಟು ಓದಿರಿ. ಪಕ್ಕದಲ್ಲಿ ಕುಳಿತಿದ್ದ ಸಹಪೈಲಟ್ ತಪ್ಪನ್ನು ಕಂಡಿದ್ದರು. ಇಳಿಯುವದನ್ನು ಬಿಟ್ಟು ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದರು. ಎಚ್ಚರಿಕೆಯ ಯಂತ್ರವೂ ಕೂಗುತ್ತಿತ್ತು. ಮುಖ್ಯ ಪೈಲಟ್ ಕೇಳಲಿಲ್ಲ. ಸಹಪೈಲಟ್ ಸಹ ಮಾತಿನಲ್ಲಿ ಹೇಳಿದರೇ ಹೊರತು ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡು ಮೇಲೆತ್ತಲಿಲ್ಲ. ಹಾಗೆ ಮಾಡುವ ಅಧಿಕಾರ ಸಹಪೈಲಟ್‌ಗೆ ಇದೆಯೋ ಇಲ್ಲವೋ ಎಂಬ ಬಗ್ಗೆ ಇದ್ದ ಸೂಚನೆಗಳು ಸ್ಪಷ್ಟವಾಗಿರದೆ ಇದ್ದುದು ಇದಕ್ಕೆ ಕಾರಣವಾಗಿರಬಹುದು ಎಂದು ವಿಚಾರಣಾ ನ್ಯಾಯಾಲಯ ಅಭಿಪ್ರಾಯಪಟ್ಟಿತು.

ಎಂಜಿನ್ನು ಕೆಟ್ಟಿರಲಿಲ್ಲ. ಅಪಾಯ ಯಾರಿಗೂ ತಿಳಿಯದೆ ಇದ್ದಿಲ್ಲ. ತಿಳಿದವನ ಬಾಯಿಂದ ಅಧಿಕಾರವಿದ್ದವನ ಕಿವಿಗೆ ಒಂದು ಮೊಳ ಅಂತರ, ಅಷ್ಟರಲ್ಲಿ ಮಾತು ಕಳೆದುಹೋಯಿತು.

ಇದು ಹೊಸ ರೋಗವಲ್ಲ. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ತೆನೆರೀಫ್ ದ್ವೀಪದಲ್ಲಿ ಮಂಜು ಕವಿದ ಓಡುದಾರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಎದುರಿನ ವಿಮಾನ ದಾರಿ ಬಿಟ್ಟಿದೆಯೇ ಎಂದು ವಿಮಾನದ ಎಂಜಿನಿಯರ್ ಸಂಶಯ ತೋರಿಸಿದ್ದನು. ಕಂಪನಿಯಲ್ಲಿಯೇ ಹೆಸರಾಂತ ಶಿಕ್ಷಕರಾಗಿದ್ದ ಮುಖ್ಯ ಪೈಲಟ್ ಹೌದೆಂದು ಖಂಡಿತವಾಗಿ ಹೇಳಿ ವಿಮಾನ ಓಡಿಸಿದರು. ಮರುವರ್ಷ ಡಿಸೆಂಬರ್ 28ರಂದು ಅಮೇರಿಕೆಯ ಪೋರ್ಟ್‌ಲ್ಯಾಂಡ್ ಪಟ್ಟಣದ ಮೇಲೆ ಒಂದು ವಿಮಾನ ಸುಮಾರು ಒಂದು ತಾಸು ಸುತ್ತಿತು. ಗಾಲಿಯ ದೋಷವೊಂದರಲ್ಲಿಯೇ ಮುಖ್ಯ ಪೈಲಟ್ಟಿನ ಚಿತ್ತ ನೆಟ್ಟಿತ್ತು. ಉಳಿದಿಬ್ಬರು ಎಣ್ಣೆ ಕಡಿಮೆಯಾಗುತ್ತಿದೆಯೆಂದು ಮೆಲ್ಲಗೆ ಸೂಚಿಸಿದರು, ಆದರೆ ಗಟ್ಟಿಯಾಗಿ ಎಚ್ಚರಿಸಲಿಲ್ಲ. ಎಣ್ಣೆ ತೀರಿ ವಿಮಾನ ಬಿದ್ದು ಹತ್ತು ಜನ ಸತ್ತರು. ಇಂಥವುಗಳಿಂದ ಪಾಠ ಕಲಿತು 1979ರಲ್ಲಿ ಅಮೇರಿಕೆಯ ನಾಸಾ ಸಂಸ್ಥೆ ಒಂದು ವಿಚಾರಸಂಕಿರಣ ಕರೆಯಿತು. ಪೈಲಟ್ಟಿನ ಕೈಚಳಕವನ್ನು ಪರೀಕ್ಷಿಸುವಂತೆ, ಅವನು ಜೊತೆಗಾರರೊಂದಿಗೆ ನಡೆದುಕೊಳ್ಳುವ ರೀತಿಯನ್ನೂ ಕಲಿಸಬೇಕು, ಪರೀಕ್ಷಿಸಬೇಕು ಎಂಬ ವಿಚಾರ ಅಲ್ಲಿಂದ ಬೆಳೆಯಿತು.

ಮುಂದೆ ಇದು ಆಸ್ಪತ್ರೆಗಳಿಗೂ ಬಂದಿತು. ಸ್ಕಾಟ್‌ಲ್ಯಾಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ರೋನಾ ಫ್ಲಿನ್ ಮತ್ತು ಅವರ ಸಂಗಡಿಗರು ಮೊದಲು ಅರಿವಳಿಕೆ ವೈದ್ಯರಿಗೆ, ಆಮೇಲೆ ಶಸ್ತ್ರವೈದ್ಯರಿಗೆ ಅಂಕ ಕೊಡುವ ಪದ್ಧತಿಯನ್ನು ಸಿದ್ಧಪಡಿಸಿದರು. ಶಸ್ತ್ರವೈದ್ಯರ ಪದ್ಧತಿಯಲ್ಲಿ ನೋಡುವದು ನಾಲ್ಕು ಗುಣಗಳನ್ನು: ಸುತ್ತಲಿನ ಪರಿಸ್ಥಿತಿಯ ಅರಿವು, ನಿರ್ಣಯ ತೆಗೆದುಕೊಳ್ಳುವ ಬಗೆ, ಮಾತುಕತೆ ಮತ್ತು ಕೂಡುಕೆಲಸ, ಮುಂದಾಳುತನ. ಪ್ರತಿಯೊಂದಕ್ಕೂ ಒಂದರಿಂದ ನಾಲ್ಕರವರೆಗೆ ಅಂಕ. ಒಂದು ಎಂದರೆ ಅಪಾಯಕ್ಕೆ ಎಡೆಮಾಡುವಂಥದು, ನಾಲ್ಕು ಎಂದರೆ ಇತರರಿಗೆ ಮೇಲ್ಪಂಕ್ತಿಯಾಗುವಂಥದು.

ಇದರಲ್ಲಿ ನನಗೆ ಬಹಳ ಹಿಡಿಸಿದ ನಿಯಮ ಒಂದಿದೆ. ಮನುಷ್ಯನ ಸ್ವಭಾವಕ್ಕೆ ಅಂಕ ಕೊಡತಕ್ಕದ್ದಲ್ಲ, ಕಣ್ಣಿಗೆ ಕಂಡ ಮತ್ತು ಕಿವಿಗೆ ಬಿದ್ದ ನಡತೆಗೆ ಮಾತ್ರ ಕೊಡತಕ್ಕದ್ದು. "ಇವನು ಸಿಡುಕ", "ಅವನು ಒಳ್ಳೇವ" ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. "ಗಾಡಿ ಹಿಂದಕ್ಕೆ ತೆಗೆಯುವ ಮೊದಲು ಹಿಂದೆ ಯಾರಿದ್ದಾರೆಂದು ಕೇಳಲಿಲ್ಲ" ಎಂದು ಬರೆದರೆ ಅದು ನಾಳೆಯೇ ತಿದ್ದಿಕೊಳ್ಳಬಹುದಾದ ಮಾತು.

ಇದು ನಮಗೆ ಹೇಗೆ ಒಗ್ಗುತ್ತದೆ ಎಂದು ನೀವು ಕೇಳಬಹುದು. ಅದಕ್ಕೆ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ.

ನಾನು ಕೃಷಿ ಪದವಿ ಮುಗಿಸಿ ಬೇರೊಂದು ಕಡೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ವರ್ಷ. ಗವ್ಹಾಣಕ್ಕೆ ಕಬ್ಬು ಸಾಲದೆಂದು ಬೆಳಗಿನಿಂದ ಫೋನಿನ ಮೇಲೆ ಫೋನು. ಸಂಜೆಗೆ ಒಂದು ಹೊಲದಲ್ಲಿ ಜೋಡು ಟ್ರೇಲರ್ ತುಂಬಿ ನಿಂತಿತ್ತು. ಟೋಳಿಯಲ್ಲಿದ್ದ ಹದಿನೆಂಟು ಹತ್ತೊಂಬತ್ತರ ಹುಡುಗ ನನ್ನ ಹತ್ತಿರ ಬಂದು, "ಸಾಹೇಬ್ರ, ಹಿಂದಿನ ಗಾಡಿ ಒಂದಿಷ್ಟ ಅಳ್ಳಾಡ್ದಂಗ ಅನಸ್ತದ್ರಿ" ಎಂದ. ನಾನು ಗಡಿಯಾರ ನೋಡಿಕೊಂಡು "ನಡೀರಿ, ನಡೀರಿ" ಎಂದೆ. ಹಳ್ಳದ ಏರು ಹತ್ತುವಾಗ ಹಿಂದಿನ ಟ್ರೇಲರ್ ಕಳಚಿ ಹಿಂದಕ್ಕೆ ಉರುಳಿತು. ಹಿಂದೆ ಒಂದು ಎತ್ತಿನ ಗಾಡಿ ಬರುತ್ತಿತ್ತು. ಗಾಡಿಯವನು ಹಾರಿಕೊಂಡದ್ದರಿಂದ ಉಳಿದ. ಒಂದು ಎತ್ತಿನ ಕಾಲು ಮುರಿಯಿತು. ಅದು ಮತ್ತೆ ನೊಗಕ್ಕೆ ಬರಲಿಲ್ಲ.

ಅಪಘಾತದ ವರದಿಯನ್ನು ನಾನೇ ಬರೆದೆ. ಜೋಡಣೆಯ ಪಿನ್ನಿಗೆ ಅಡ್ಡಕೀಲು ಇರಲಿಲ್ಲ ಎಂದು ಬರೆದೆ. ಅದು ಸುಳ್ಳಲ್ಲ. ಆದರೆ ಹುಡುಗ ಹೇಳಿದ್ದ, ನಾನು ಕೇಳಲಿಲ್ಲ ಎಂಬುದನ್ನು ಆ ಕಾಗದದಲ್ಲಿ ಬರೆಯಲಿಲ್ಲ. ಬರೆಯಲಿಕ್ಕೆ ಅದರಲ್ಲಿ ಕಾಲಮ್ಮೂ ಇರಲಿಲ್ಲ. ಅಡ್ಡಕೀಲು ಎರಡು ರೂಪಾಯಿಯ ಮಾತು, ಮರುದಿನವೇ ಎಲ್ಲ ಟ್ರೇಲರುಗಳಿಗೂ ಹಾಕಿಸಿದೆವು. ಮುಂದಿನ ಸಲ ಇನ್ನಾವುದೋ ಹುಡುಗ ಇನ್ನಾವುದೋ ದೋಷ ಕಂಡರೆ ಸಾಹೇಬನು ಕೇಳಬೇಕಲ್ಲ, ಅದಕ್ಕೆ ಏನನ್ನೂ ಮಾಡಲಿಲ್ಲ.

ಆದುದರಿಂದ ಈ ಹಂಗಾಮಿನಲ್ಲಿ ನಿಮ್ಮ ಹೊಲದಲ್ಲಿ ಕಬ್ಬು ಕಡಿದು ತುಂಬುವ ದಿನ ಅರ್ಧ ತಾಸು ಬಿಡುವು ಮಾಡಿಕೊಂಡು ನೋಡಿರಿ ಎಂದು ಕೇಳಿಕೊಳ್ಳುತ್ತೇನೆ. ತೂಕ ಎಷ್ಟಾದೀತು ಎಂದು ನೋಡುವದು ಬೇರೆ. ಜನರನ್ನು ನೋಡಿರಿ.

ಮೊದಲನೆಯದು, ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯುವ ಹೊತ್ತು. ಸೂಚನೆ ಕೊಡುವವನು ಒಬ್ಬನೇ ಇದ್ದಾನೋ, ಅಥವಾ ನಾಲ್ಕು ಜನ ನಾಲ್ಕು ಕಡೆಯಿಂದ "ಬರ್ಲಿ, ಬರ್ಲಿ" ಎಂದು ಕೂಗುತ್ತಿದ್ದಾರೋ? ಸೂಚನೆ ಕೊಡುವವನು ಕಣ್ಣಿಗೆ ಮರೆಯಾದೊಡನೆ ಡ್ರೈವರ್ ಗಾಡಿ ನಿಲ್ಲಿಸುತ್ತಾನೋ ಇಲ್ಲವೋ? ರವದಿಯ ನೆರಳಿನಲ್ಲಿ ಟೋಳಿಯವರ ಕೂಸುಗಳು ಮಲಗಿರುತ್ತವೆ. ಎಲ್ಲಿ ಮಲಗಿವೆ ಎಂದು ಡ್ರೈವರ್ ಕೇಳಿದನೋ? ಕೇಳಿದರೆ ಪರಿಸ್ಥಿತಿಯ ಅರಿವಿಗೆ ನಾಲ್ಕು ಅಂಕ ಕೊಡಲು ಅಡ್ಡಿಯಿಲ್ಲ. ಬೇರೆಯವರು ಹೇಳಿದ ಮೇಲೆ ನೋಡಿದರೆ ಮೂರು. ಹೇಳಿದರೂ ನೋಡದಿದ್ದರೆ ಒಂದು.

ಆಮೇಲೆ ಮಾತು. ಒಬ್ಬನು ಹೇಳಿದ್ದನ್ನು ಇನ್ನೊಬ್ಬನು ತಿರುಗಿ ಹೇಳುತ್ತಾನೋ ನೋಡಿರಿ. ಉದಗೀರ ಮಾರ್ಗವಾಗಿ ಹೋಗುವ ರೇಲ್ವೆ ಎಂಜಿನ್ನಿನಲ್ಲಿ ಚಾಲಕ ಮತ್ತು ಸಹಚಾಲಕ ಇಬ್ಬರಿರುತ್ತಾರೆ. ಸಿಗ್ನಲ್ ಕಂಡೊಡನೆ ಅದರ ಬಣ್ಣವನ್ನು ಒಬ್ಬನು ಗಟ್ಟಿಯಾಗಿ ಕೂಗಿ ಹೇಳತಕ್ಕದ್ದು, ಇನ್ನೊಬ್ಬನು ಅದನ್ನು ತಿರುಗಿ ಹೇಳತಕ್ಕದ್ದು ಎಂಬುದು ಅವರ ನಿಯಮ. ಇಬ್ಬರಿಗೂ ಕಣ್ಣಿವೆ, ಕೂಗುವದು ಯಾಕೆ ಎಂದು ಹೊರಗಿನವರಿಗೆ ಅನಿಸಬಹುದು. ತಿರುಗಿ ಹೇಳಿದಾಗಲೇ ಕೇಳಿಸಿತೆಂದು ಗೊತ್ತಾಗುವದು. ನಮ್ಮಲ್ಲಿ ಮೇಲೆ ನಿಂತು ಹಗ್ಗ ಬಿಗಿಯುವವನು "ಬಿಡ್ಲ್ಯಾ?" ಎನ್ನುತ್ತಾನೆ, ಕೆಳಗಿನವನು "ಹೂಂ" ಎನ್ನುತ್ತಾನೆ. ಆ "ಹೂಂ" ಬಿಡು ಎಂದೋ, ತಡಿ ಎಂದೋ, ಬೀಡಿ ಹಚ್ಚುತ್ತ ಸುಮ್ಮನೆ ಅಂದದ್ದೋ ದೇವರೇ ಬಲ್ಲ.

ಗಡಿಯ ನಮಗೆ ಇನ್ನೊಂದು ತೊಡಕು ಇದೆ. ಡ್ರೈವರ್ ಉಮರ್ಗಾ ಕಡೆಯವನು, ಮನೆಯಲ್ಲಿ ಕನ್ನಡ. ಟೋಳಿ ಬೀಡ ಜಿಲ್ಲೆಯದು, ಮಾತು ಮರಾಠಿ ಅಥವಾ ಲಂಬಾಣಿ. ಹೊಲದ ಒಡೆಯರು ಎರಡನ್ನೂ ಬೆರೆಸಿ ಮಾತಾಡುವವರು. ಅಪಾಯದ ಹೊತ್ತಿನಲ್ಲಿ ಒಬ್ಬನು "ನಿಲ್ಲಸು" ಅನ್ನುತ್ತಾನೆ, ಮತ್ತೊಬ್ಬನು "ಥಾಂಬ್" ಅನ್ನುತ್ತಾನೆ, ಮೂರನೆಯವನು ಶಿಳ್ಳೆ ಹಾಕುತ್ತಾನೆ. ಕೆಲಸಕ್ಕೆ ಮೊದಲೇ ಒಂದು ಶಬ್ದವನ್ನು ಗೊತ್ತುಮಾಡಿರಿ. "ಥಾಂಬ್" ಎಲ್ಲರಿಗೂ ತಿಳಿಯುತ್ತದೆ, ಅದೇ ಇರಲಿ. ಕನ್ನಡದ ಅಭಿಮಾನವನ್ನು ಬೇರೆ ಕಡೆ ತೋರಿಸೋಣ. ಆ ಶಬ್ದವನ್ನು ಯಾರೇ ಕೂಗಲಿ, ಸಣ್ಣವನಿರಲಿ, ಹೆಣ್ಣುಮಗಳಿರಲಿ, ಮೊದಲು ಗಾಡಿ ನಿಲ್ಲಬೇಕು, ಆಮೇಲೆ ಯಾಕೆಂದು ಕೇಳಬೇಕು.

ಕಿರಿಯರು ಹಿರಿಯರಿಗೆ ಹೇಳುವ ರೀತಿಯನ್ನೂ ಗಮನಿಸಿರಿ. ನಮ್ಮ ಸಂಸ್ಕೃತಿಯಲ್ಲಿ ಹಿರಿಯರಿಗೆ ನೇರವಾಗಿ ತಪ್ಪು ಎನ್ನುವದಿಲ್ಲ. "ಕಾಕಾ, ಒಂದಿಷ್ಟ ಸದ್ದ ಬರ್ಲಿಕತ್ತದೇನೋ" ಎಂದು ಹುಡುಗ ಅನ್ನುತ್ತಾನೆ. ಅವನ ಹೊಟ್ಟೆಯಲ್ಲಿರುವ ಮಾತು "ಗಾಲಿ ಕಳಚ್ಲಿಕತ್ತದ, ನಿಲ್ಲಸ್ರಿ" ಎಂದು. ಮರ್ಯಾದೆಯ ಮಾತಿನಲ್ಲಿ ಅಪಾಯ ಮುಚ್ಚಿಹೋಗುತ್ತದೆ. ಇದಕ್ಕಾಗಿ ವಿಮಾನದವರು ಮೆಟ್ಟಿಲು ಮೆಟ್ಟಿಲಾಗಿ ಧ್ವನಿ ಏರಿಸುವದನ್ನು ಕಲಿಸುತ್ತಾರೆ. ಮೊದಲು ಪ್ರಶ್ನೆ: "ಕಾಕಾ, ಆ ಪಿನ್ ನೋಡೀರೇನ್ರಿ?" ಕೇಳದಿದ್ದರೆ ಎಚ್ಚರಿಕೆ: "ಕಾಕಾ, ಪಿನ್ನಿಗೆ ಕೀಲಿಲ್ಲ, ಗಾಡಿ ಕಳಚ್ತದ." ಆಗಲೂ ಕೇಳದಿದ್ದರೆ "ಥಾಂಬ್" ಎಂದು ಕೂಗಿ ಕೀಲಿಕೈ ತೆಗೆಯುವದು. ಮೊದಲೆರಡು ಮೆಟ್ಟಿಲಲ್ಲಿ "ಕಾಕಾ" ಇದ್ದೇ ಇದೆ, ಮರ್ಯಾದೆಗೆ ಕುಂದಿಲ್ಲ. ಆದರೆ ಮೂರನೆಯ ಮೆಟ್ಟಿಲು ಹತ್ತಿದವನನ್ನು ಬೈಯುವದಿಲ್ಲವೆಂದು ಟ್ರ್ಯಾಕ್ಟರಿನ ಮಾಲಕರು ಹಂಗಾಮಿನ ಮೊದಲ ದಿನವೇ ಎಲ್ಲರ ಎದುರಿಗೆ ಹೇಳಿರಬೇಕು. ಅಧಿಕಾರ ಯಾರಿಗಿದೆ ಎಂಬುದು ಸ್ಪಷ್ಟವಿಲ್ಲದಿದ್ದರೆ ಏನಾಗುತ್ತದೆಂದು ಬಜಪೆಯಲ್ಲಿ ನೋಡಿದ್ದೇವೆ.

ಅಂಕ ಕೊಡುವವರು ಇಬ್ಬರು ಇರಲಿ. ಹೊಲದ ಒಡೆಯರು ಒಬ್ಬರು, ನಮ್ಮ ಗಟ್ಟಿನ ಸ್ಲಿಪ್‌ಬಾಯ್ ಅಥವಾ ನೆರೆಹೊಲದವರು ಇನ್ನೊಬ್ಬರು. ಇಬ್ಬರೂ ಬೇರೆ ಬೇರೆ ನಿಂತು, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಬರೆಯತಕ್ಕದ್ದು. ಆಮೇಲೆ ಹೋಲಿಸಿರಿ. ನಿಮ್ಮದು ನಾಲ್ಕು, ಅವರದು ಎರಡು ಬಂದರೆ ಇಬ್ಬರಲ್ಲಿ ಒಬ್ಬರು ನೋಡಿಲ್ಲ, ಅಥವಾ ಸಂಬಂಧಿಕರೆಂದು ಕೈ ಸಡಿಲ ಬಿಟ್ಟಿದ್ದಾರೆ. ಎರಡು ಮೂರು ಸಲ ಮಾಡಿದರೆ ಕಣ್ಣು ಪಳಗುತ್ತದೆ. ಕಬ್ಬಿನ ಗಿಣ್ಣು ನೋಡಿ ವಯಸ್ಸು ಹೇಳುವ ನಿಮಗೆ ಇದು ಕಷ್ಟದ್ದಲ್ಲ.

ಎರಡು ಎಚ್ಚರಿಕೆಗಳು. ಈ ಹಾಳೆಯನ್ನು ದಂಡ ಹಾಕಲು, ಕೂಲಿ ಕಡಿಯಲು ಎಂದಿಗೂ ಬಳಸಬೇಡಿರಿ. ಮೊದಲ ಸಲ ದಂಡ ಹಾಕಿದ ದಿನವೇ ಎಲ್ಲರೂ ಮುಚ್ಚಿಡಲು ಕಲಿಯುತ್ತಾರೆ. ಟೋಳಿಯವರು ಮುಕಾದಮನಿಂದ ಉಚಲ ತೆಗೆದುಕೊಂಡು ಬಂದವರು. ಸಾಲ ತೀರುವವರೆಗೆ ಅವರ ಬಾಯಿ ಅರ್ಧ ಕಟ್ಟಿದಂತೆಯೇ ಇರುತ್ತದೆ. ಅವರಿಂದ ಧೈರ್ಯದ ಮಾತನ್ನು ಬಯಸುವ ನಾವು ಅವರ ಈ ಸ್ಥಿತಿಯನ್ನು ಮರೆತು ಅಂಕ ಕೊಟ್ಟರೆ ಅದು ನ್ಯಾಯವಲ್ಲ. ಟೋಳಿಯವರು ಮಾತಾಡಲಿಲ್ಲವೆಂದರೆ ಮೊದಲ ಕಡಿಮೆ ಅಂಕ ಮುಕಾದಮನಿಗೂ ಮಾಲಕನಿಗೂ ಸಲ್ಲಬೇಕು.

ಎರಡನೆಯದು, ಕಾಗದ ತುಂಬುವದೇ ಕೆಲಸವಾಗಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಪಟ್ಟಿ ಹೊರಡಿಸಿತು. ಕತ್ತರಿ ಹಾಕುವ ಮೊದಲು ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು ಎಂಬುದೂ ಅದರಲ್ಲಿದೆ. ದಿಲ್ಲಿಯೂ ಸೇರಿ ಎಂಟು ಪಟ್ಟಣಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ನೂರಕ್ಕೆ 1.5 ಇದ್ದ ಸಾವು 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಇದೇ ಪಟ್ಟಿಯನ್ನು ಮೇಲಿನ ಹುಕುಮಿನ ಮೇರೆಗೆ ಜಾರಿಗೆ ತಂದರು. ಅಲ್ಲಿಯ 101 ಆಸ್ಪತ್ರೆಗಳ ಲೆಕ್ಕವನ್ನು 2014ರಲ್ಲಿ ಪ್ರಕಟಿಸಿದಾಗ ಹೇಳಿಕೊಳ್ಳುವಂಥ ಇಳಿತ ಕಾಣಲಿಲ್ಲ. ಗುರುತು ಹಾಕಿದರು, ಮಾತಾಡಿದರೋ ಇಲ್ಲವೋ ಎಂದು ನನಗೆ ಸಂಶಯ. ನಮ್ಮ ಕಚೇರಿಯ ರಜಿಸ್ಟರುಗಳನ್ನು ಬಲ್ಲ ನನಗೆ ಇದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ವಿಷಯ ಬಿಟ್ಟುಹೋಗಬಾರದು, ಪಾಳಿ ಬದಲಾಗುವ ಹೊತ್ತು. 1988ರ ಜುಲೈ 6ರಂದು ಸ್ಕಾಟ್‌ಲ್ಯಾಂಡಿನ ಸಮುದ್ರದಲ್ಲಿ ಪೈಪರ್ ಆಲ್ಫಾ ಎಂಬ ತೈಲದ ಕಟ್ಟೆ ಸುಟ್ಟು 167 ಜನ ಸತ್ತರು. ಒಂದು ಪಂಪಿನ ಸುರಕ್ಷತಾ ಕವಾಟವನ್ನು ಹಗಲು ಪಾಳಿಯವರು ದುರಸ್ತಿಗೆಂದು ಬಿಚ್ಚಿದ್ದರು. ಆ ಸುದ್ದಿ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ಅವರು ಪಂಪು ಚಾಲೂ ಮಾಡಿದರು. ನಮ್ಮ ಹೊಲಗಳಲ್ಲಿಯೂ ಇದೇ ಗಂಡಾಂತರವಿದೆ. ರಾತ್ರಿ ಪಾಳಿಯ ಲೈಟು ಬಂದಾಗ ಅಣ್ಣ ಬಾವಿಯಲ್ಲಿ ಮೋಟರಿನ ಪೈಪು ಬಿಚ್ಚಿರುತ್ತಾನೆ, ತಮ್ಮ ಮನೆಯಿಂದ ಬಂದವನೇ ಸ್ಟಾರ್ಟರ್ ಒತ್ತುತ್ತಾನೆ. ಇಬ್ಬರೂ ಕೆಲಸ ಬಲ್ಲವರೇ. ಬಾವಿಗೆ ಇಳಿಯುವವನು ಫ್ಯೂಜ್ ಕಿತ್ತು ತನ್ನ ಕಿಸೆಯಲ್ಲಿ ಇಟ್ಟುಕೊಂಡು ಇಳಿಯತಕ್ಕದ್ದು. ಪೆಟ್ಟಿಗೆಗೆ ಬೀಗ ಹಾಕಿ ಕೀಲಿಕೈ ಒಯ್ದರೆ ಇನ್ನೂ ಒಳ್ಳೆಯದು. ಡೀಪಿಯ ಮೇಲೆ ಮಾತ್ರ ನೀವು ಏರಲೇಬೇಡಿರಿ. ಅದು ವಿದ್ಯುತ್ ಮಂಡಳಿಯವರ ಕೆಲಸ, ಅವರು ಬರಲು ಎರಡು ದಿನ ತಡವಾದರೂ ಸರಿ.

ಕಾರಖಾನೆಯ ಒಳಗೂ ಬಾಯ್ಲರ್, ಟರ್ಬೈನ್, ಕುದಿಯುವ ರಸದ ಟಾಕಿಗಳ ಹತ್ತಿರ ದಿನಕ್ಕೆ ಮೂರು ಸಲ ಪಾಳಿ ಬದಲಾಗುತ್ತದೆ. ವಾರ್ಷಿಕ ಸಭೆಯಲ್ಲಿ ನೀವು ಉತಾರ ಎಷ್ಟು, ದರ ಎಷ್ಟು ಎಂದು ಕೇಳುತ್ತೀರಿ, ಕೇಳಲೇಬೇಕು. ಹೋಗುವ ಪಾಳಿಯವನು ಬರುವವನಿಗೆ ಎದುರುಬದುರು ನಿಂತು ಹೇಳಿ ಹೋಗುತ್ತಾನೋ, ಪುಸ್ತಕದಲ್ಲಿ ಸಹಿ ಮಾತ್ರ ಇದೆಯೋ ಎಂದು ಸಹ ಕೇಳಿರಿ. ಅಲ್ಲಿ ದುಡಿಯುವವರು ನಿಮ್ಮ ಮನೆಗಳ ಮಕ್ಕಳೇ.

ಅಂಕದ ಹಾಳೆಯನ್ನು ಒಂದೇ ಪುಟದಲ್ಲಿ ಕನ್ನಡ ಮತ್ತು ಮರಾಠಿ ಎರಡರಲ್ಲಿಯೂ ಮಾಡಿಸಿದ್ದೇವೆ. ಉಮರ್ಗಾ, ನಿಲಂಗಾ ಮತ್ತು ಉದಗೀರ ಗಟ್ ಕಚೇರಿಗಳಲ್ಲಿ ಕೇಳಿದರೆ ಸಿಗುತ್ತದೆ. ಹಾಳೆಯ ಕೊನೆಯಲ್ಲಿ ಒಂದು ಕಾಲಮ್ ಇದೆ: "ಇಂದು ಯಾರು ಏನನ್ನು ಕಂಡು ಹೇಳಿದರು? ಕೇಳಿದವರು ಏನು ಮಾಡಿದರು?" ಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರಿಗೆ ಮೊದಲ ಹಾಳೆಯನ್ನು ನಾನೇ ಒಯ್ದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಸಾಹೇಬ್ರ, ಇದರಾಗ ಸಾಹೇಬ್ರಿಗೆ ಅಂಕ ಕೊಡೂ ಜಾಗ ಎಲ್ಲದ?" ಎಂದರು. ಇರಲಿಲ್ಲ. ಎರಡನೆಯ ಮುದ್ರಣದಲ್ಲಿ ಸೇರಿಸಿದ್ದೇವೆ.